ತಪ್ಪು ಉತ್ತರದ ಒಳಗೊಂದು ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಹನ್ನೊಂದು ವರ್ಷ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ, ಆಮೇಲೆ ಒಂಬತ್ತು ವರ್ಷ ಸೋಂಕು ರೋಗಗಳ ಗಣಿತದಲ್ಲಿ ಕೆಲಸ ಮಾಡಿದವಳು. ಈಗ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಮಕ್ಕಳು ಲೆಕ್ಕ ಮಾಡುವುದನ್ನು ಗಮನಿಸಿ ಬರೆದುಕೊಳ್ಳುತ್ತೇನೆ. ಮೂರೂ ಬೇರೆ ಬೇರೆ ಕೆಲಸಗಳೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಮೊದಲ ಪತ್ರವನ್ನು ಓದಿದರೆ ಕಾರಣ ತಿಳಿದೀತು.

ಪ್ರಶ್ನೆ: ಮೇಡಂ, ನಾನು ಆರನೆಯ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 4 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದವಿರುವ ಚಿತ್ರವೊಂದನ್ನು ಆಕಾರ ಕೆಡದಂತೆ ದೊಡ್ಡದು ಮಾಡಿದ್ದಾರೆ, ಈಗ ಅಗಲ 6 ಸೆಂಟಿಮೀಟರ್ ಇದೆ, ಉದ್ದ ಎಷ್ಟು ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು 12 ಎಂದು ಬರೆದರು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆಂದು ಗದರಿದೆ. ಮನೆಗೆ ಬಂದ ಮೇಲೆ ನನಗೇ ಅನುಮಾನ ಹುಟ್ಟಿತು. ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರೆಯೆ?
– ಒಬ್ಬ ಶಿಕ್ಷಕಿ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಆ ಮಕ್ಕಳು ನಕಲು ಮಾಡಿಲ್ಲ. ‘ಅಗಲಕ್ಕೆ ಎರಡು ಸೇರಿದೆ, ಆದ್ದರಿಂದ ಉದ್ದಕ್ಕೂ ಎರಡು ಸೇರಬೇಕು’ ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಯೋಚಿಸಿದ್ದಾರೆ. ಸರಿಯುತ್ತರ 15, ಯಾಕೆಂದರೆ ಆಕಾರ ಉಳಿಯಬೇಕಾದರೆ ಎರಡು ಬದಿಗಳೂ ಒಂದೂವರೆ ಪಟ್ಟು ಆಗಬೇಕು. ಆದರೆ 12 ಎನ್ನುವುದು ಬಾಯಿಗೆ ಬಂದ ಸಂಖ್ಯೆಯಲ್ಲ. ಅದರ ಹಿಂದೆ ಒಂದು ನಿಯಮವಿದೆ. ಕೂಡಿಸುವ ಲೆಕ್ಕಗಳಲ್ಲಿ ಆ ನಿಯಮ ಅವರನ್ನು ವರ್ಷಗಟ್ಟಲೆ ಕಾಪಾಡಿದೆ. ಈಗ ಏಕಾಏಕಿ ಅದನ್ನು ಕೈಬಿಡಲು ಅವರಿಗೆ ಯಾವ ಕಾರಣವೂ ಕಂಡಿಲ್ಲ.

ಇದನ್ನು ಬಹಳ ಹಿಂದೆಯೇ ಶ್ರದ್ಧೆಯಿಂದ ಗಮನಿಸಿದವರು ರಾಬರ್ಟ್ ಕಾರ್‌ಪ್ಲಸ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿಯಾಗಿದ್ದ ಅವರು 1950ರ ದಶಕದ ಕೊನೆಯಲ್ಲಿ ಮಗಳ ತರಗತಿಗೆ ಹೋಗಿ ವಿಜ್ಞಾನ ತೋರಿಸಿದರು. ಮಕ್ಕಳು ಕೇಳಿಸಿಕೊಂಡದ್ದಕ್ಕೂ ತಾನು ಹೇಳಿದ್ದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಅವರನ್ನು ಬಿಡದೆ ಕಾಡಿತು. ಮುಂದಿನ ಬದುಕಿನ ಬಹುಪಾಲನ್ನು ಅವರು ಮಕ್ಕಳ ವಿಜ್ಞಾನ ಕಲಿಕೆಗೇ ಕೊಟ್ಟರು.

ಅವರ ಒಂದು ಒಗಟು ನಿಮ್ಮ ಪ್ರಶ್ನೆಯ ಒಡಹುಟ್ಟು. ಗಿಡ್ಡ ಮನುಷ್ಯನೊಬ್ಬನ ಚಿತ್ರವನ್ನು ಮಗುವಿಗೆ ಕೊಡುತ್ತಾರೆ. ಅಂಗಿಯ ದೊಡ್ಡ ಗುಂಡಿಗಳಿಂದ ಅಳೆದರೆ ಅವನ ಎತ್ತರ 4 ಗುಂಡಿ. ಚಿತ್ರದಲ್ಲಿಲ್ಲದ ಇನ್ನೊಬ್ಬನಿದ್ದಾನೆ, ಎತ್ತರದವನು, ಅವನು 6 ಗುಂಡಿ. ಈಗ ಗಿಡ್ಡ ಮನುಷ್ಯನನ್ನು ಕಾಗದದ ಕ್ಲಿಪ್ಪುಗಳಿಂದ ಅಳೆದರೆ 6 ಕ್ಲಿಪ್ಪು ಆಗುತ್ತದೆ. ಎತ್ತರದವನು ಎಷ್ಟು ಕ್ಲಿಪ್ಪು? ಉತ್ತರ 9. ಬಹಳಷ್ಟು ಮಕ್ಕಳು 8 ಎಂದರು. ಕಾರ್‌ಪ್ಲಸ್ ಅಷ್ಟಕ್ಕೇ ನಿಲ್ಲಲಿಲ್ಲ. ‘ನಿನಗೆ ಇದು ಹೇಗೆ ಗೊತ್ತಾಯಿತು, ಬರೆ’ ಎಂದು ಕೇಳಿದರು. ಆಮೇಲೆ ಮಕ್ಕಳು ಕೊಟ್ಟ ವಿವರಣೆಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಸರಿ, ತಪ್ಪು ಎಂಬ ಎರಡೇ ಗುಂಪುಗಳು ಇದ್ದ ಜಾಗದಲ್ಲಿ ಹಲವು ಬಗೆಯ ಯೋಚನೆಗಳು ಕಾಣಿಸಿದವು. ಊಹಿಸಿದವರು, ಕೂಡಿಸಿದವರು, ಒಂದಿಷ್ಟು ಅನುಪಾತ ಹಿಡಿದು ನಡುವೆ ಕೈಬಿಟ್ಟವರು, ಪೂರ್ತಿ ಹಿಡಿದವರು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಇರಲಾರೆ. 1950ರಲ್ಲಿ ಇದೇ ಕಾರ್‌ಪ್ಲಸ್, ನಾರ್ಮನ್ ಕ್ರೋಲ್ ಅವರೊಂದಿಗೆ ಸೇರಿ, ಎಲೆಕ್ಟ್ರಾನಿನ ಕಾಂತೀಯ ಗುಣಕ್ಕೆ ಬಹಳ ಸೂಕ್ಷ್ಮವಾದ ತಿದ್ದುಪಡಿಯೊಂದನ್ನು ಲೆಕ್ಕ ಹಾಕಿದ್ದರು. ಪುಟಗಟ್ಟಲೆ ಸಾಗುವ, ಕೈಯಲ್ಲಿ ಮಾಡಿದ ಲೆಕ್ಕ ಅದು. ಅದರಲ್ಲಿ ತಪ್ಪು ಉಳಿದಿತ್ತು. 1957ರಲ್ಲಿ ಪೀಟರ್‌ಮನ್ ಮತ್ತು ಸೋಮರ್‌ಫೀಲ್ಡ್ ಎಂಬಿಬ್ಬರು ಬೇರೆ ಬೇರೆಯಾಗಿ ಮತ್ತೆ ಲೆಕ್ಕ ಹಾಕಿ ಅದನ್ನು ಸರಿಪಡಿಸಿದರು. ಮಕ್ಕಳ 8ರ ಮುಂದೆ ಅಷ್ಟು ತಾಳ್ಮೆಯಿಂದ ಕುಳಿತ ಮನುಷ್ಯನಿಗೆ ತಪ್ಪು ಲೆಕ್ಕವೆಂದರೆ ಏನೆಂದು ಒಳಗಿನಿಂದ ಗೊತ್ತಿತ್ತು ಎಂದು ನಾನು ನಂಬಿದ್ದೇನೆ.

ನಾಳೆ ತರಗತಿಯಲ್ಲಿ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 15 ಸರಿ ಎಂದು ಹೇಳಿ ಮುಗಿಸಬೇಡಿ. ಭೌತವಿಜ್ಞಾನಿಗಳು ಯಾವ ಸೂತ್ರ ಕೈಗೆ ಬಂದರೂ ಅದನ್ನು ಕೊನೆಯಂಚಿಗೆ ಒಯ್ದು ನೋಡುತ್ತಾರೆ. ತೂಕ ಸೊನ್ನೆಯಾದರೆ ಏನಾಗುತ್ತದೆ, ದೂರ ಅನಂತವಾದರೆ ಏನಾಗುತ್ತದೆ ಎಂದು. ಅದನ್ನೇ ಮಕ್ಕಳ ನಿಯಮಕ್ಕೂ ಮಾಡಿ. ‘ಈಗ ಚಿತ್ರವನ್ನು ಚಿಕ್ಕದು ಮಾಡೋಣ. ಅಗಲದಿಂದ ಎರಡು ಕಳೆಯಿರಿ, ಉದ್ದದಿಂದಲೂ ಎರಡು ಕಳೆಯಿರಿ. ಇನ್ನೊಮ್ಮೆ ಎರಡೆರಡು ಕಳೆಯಿರಿ.’ ಅಗಲ ಸೊನ್ನೆಯಾಗುತ್ತದೆ, ಉದ್ದ ಮಾತ್ರ 6 ಸೆಂಟಿಮೀಟರ್ ಹಾಗೇ ಉಳಿಯುತ್ತದೆ! ಒಂದು ತರಗತಿಯಲ್ಲಿ ನಾನು ಇದನ್ನು ಮಾಡಿಸಿದಾಗ ಒಬ್ಬ ಹುಡುಗಿ ಪೆನ್ಸಿಲ್ ಕೆಳಗಿಟ್ಟು, ‘ಹಾಗಾದರೆ ಚಿತ್ರ ಎಲ್ಲಿಗೆ ಹೋಯಿತು?’ ಎಂದಳು. ಅವಳ ನಿಯಮವನ್ನು ನಾನು ಮುರಿಯಲಿಲ್ಲ, ಅವಳೇ ಅದನ್ನು ಅಂಚಿನವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ಅದು ನಿಲ್ಲುವುದಿಲ್ಲವೆಂದು ಕಂಡಳು. ಅನುಪಾತದ ಮಾತನ್ನು ಎತ್ತಲು ಅದಕ್ಕಿಂತ ಒಳ್ಳೆಯ ಗಳಿಗೆ ಇರುವುದಿಲ್ಲ.

ಗದರಿದ ಮಕ್ಕಳಿಗೆ ‘ನೀವು ನಕಲು ಮಾಡಿರಲಿಲ್ಲ, ನನಗೆ ಗೊತ್ತಾಯಿತು’ ಎಂದು ಹೇಳಿಬಿಡಿ. ಅದಕ್ಕೆ ಸಂಶೋಧನೆಯ ಆಧಾರ ಬೇಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಮಿಠಾಯಿ ಪರೀಕ್ಷೆಯ ವಿಷಯ ಓದಿ ಮನೆಯಲ್ಲಿ ಮಾಡಿ ನೋಡಿದೆ. ಒಂದು ಮಿಠಾಯಿ ಇಟ್ಟು, ನಾನು ಬರುವವರೆಗೆ ಕಾದರೆ ಎರಡು ಕೊಡುತ್ತೇನೆ ಎಂದೆ. ನಾನು ಬಾಗಿಲು ದಾಟುವ ಮೊದಲೇ ತಿಂದುಬಿಟ್ಟಳು. ಸಂಯಮವಿಲ್ಲದ ಮಕ್ಕಳು ಮುಂದೆ ಓದಿನಲ್ಲಿ ಹಿಂದೆ ಬೀಳುತ್ತಾರಂತೆ. ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ

ಉತ್ತರ: ದಯವಿಟ್ಟು ನಿದ್ದೆ ಮಾಡಿ. ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಈ ಪ್ರಯೋಗಗಳನ್ನು ಆರಂಭಿಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ. ಕಾಯುವಾಗ ಮಕ್ಕಳ ಮನಸ್ಸು ಏನೇನು ಉಪಾಯ ಹೂಡುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ವರ್ಷಗಳ ನಂತರ ಅದೇ ಮಕ್ಕಳಲ್ಲಿ ಕೆಲವರನ್ನು ಹುಡುಕಿ, ಹೆಚ್ಚು ಹೊತ್ತು ಕಾದವರು ಪರೀಕ್ಷೆಗಳಲ್ಲೂ ಮುಂದಿದ್ದಾರೆ ಎಂಬ ಸಂಬಂಧವನ್ನು 1990ರಲ್ಲಿ ಪ್ರಕಟಿಸಿದರು. ಜನರ ಬಾಯಲ್ಲಿ ಉಳಿದದ್ದು ಅದೊಂದೇ.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ನೋಡಿದರು. ಈ ಸಲ ಹಲವು ಬಗೆಯ ಮನೆಗಳ ಮಕ್ಕಳಿದ್ದರು. ಸಂಬಂಧ ಕಂಡಿತು, ಆದರೆ ಹಳೆಯದರ ಅರ್ಧದಷ್ಟು ಮಾತ್ರ. ಮನೆಯ ಪರಿಸ್ಥಿತಿ, ಮಗುವಿನ ಆರಂಭದ ಸಾಮರ್ಥ್ಯ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಅದರಲ್ಲೂ ಮೂರನೆಯ ಎರಡು ಭಾಗ ಕರಗಿಹೋಯಿತು.

ನನಗೆ ಇದಕ್ಕಿಂತ ಇಷ್ಟವಾದದ್ದು ಸೆಲೆಸ್ಟ್ ಕಿಡ್ ಅವರ 2013ರ ಪ್ರಯೋಗ. ಹಿಂದೆ ಅವರು ಮನೆಯಿಲ್ಲದ ಕುಟುಂಬಗಳ ಆಶ್ರಯತಾಣದಲ್ಲಿ ಸ್ವಯಂಸೇವಕಿಯಾಗಿದ್ದರು. ಇಲ್ಲಿಯ ಮಕ್ಕಳಾಗಿದ್ದರೆ ಮಿಠಾಯಿಗೆ ಕಾಯುತ್ತಿದ್ದರೇ, ಯಾಕೆ ಕಾಯಬೇಕು ಎಂಬ ಪ್ರಶ್ನೆ ಅವರಿಗೆ ಅಲ್ಲಿ ಹುಟ್ಟಿತು. ಪ್ರಯೋಗದಲ್ಲಿದ್ದದ್ದು 28 ಮಕ್ಕಳು. ಮಿಠಾಯಿಗೆ ಮೊದಲು ಚಿತ್ರ ಬಿಡಿಸುವ ಕೆಲಸ ಕೊಟ್ಟರು. ‘ಇನ್ನೂ ಒಳ್ಳೆಯ ಬಣ್ಣದ ಕಡ್ಡಿಗಳನ್ನು ತರುತ್ತೇನೆ, ಕಾಯುತ್ತಿರು’ ಎಂದು ಹೇಳಿ, ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದ ಅರ್ಧಕ್ಕೆ ಬರಿಗೈಯಲ್ಲಿ ಬಂದು, ‘ಕ್ಷಮಿಸು, ಇರಲಿಲ್ಲ’ ಎಂದರು. ಆಮೇಲೆ ಮಿಠಾಯಿ ಇಟ್ಟರು. ದೊಡ್ಡವರು ಮಾತು ಉಳಿಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ್ದನ್ನು ಕಂಡ ಮಕ್ಕಳು 3 ನಿಮಿಷ. ಬೇಗ ತಿಂದ ಮಗುವಿಗೆ ಸಂಯಮವಿಲ್ಲ ಎನ್ನುವ ಮೊದಲು, ಆ ಮಗು ಏನನ್ನು ಲೆಕ್ಕ ಹಾಕಿತು ಎಂದು ಕೇಳಬೇಕಾಗಿತ್ತು. ಎರಡನೆಯದು ಬರುವ ಖಾತ್ರಿ ಇಲ್ಲದಿರುವಾಗ ಕೈಯಲ್ಲಿರುವುದನ್ನು ತಿನ್ನುವುದು ಜಾಣತನವೇ.

ಇದರರ್ಥ ನೀವು ಮಾತು ತಪ್ಪುವ ತಾಯಿ ಎಂದಲ್ಲ, ಹಾಗೆಂದುಕೊಂಡು ಮತ್ತೆ ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮಗಳಿಗೆ ಒಂದೇ ಮಿಠಾಯಿ ಸಾಕು ಅನ್ನಿಸಿರಬಹುದು, ಆಡಲು ಹೋಗುವ ಆತುರವಿದ್ದಿರಬಹುದು. ಒಂದು ಮಗು, ಒಂದು ಸಲ, ಒಂದು ಮಿಠಾಯಿ. ಇದರಿಂದ ಯಾವ ಭವಿಷ್ಯವನ್ನೂ ಹೇಳಲಾಗದು.

ಮಕ್ಕಳ ಮೇಲಿನ ಪ್ರಯೋಗದಲ್ಲಿ ಕೇಳುವವರ ವರ್ತನೆಯೂ ಪ್ರಶ್ನೆಯ ಭಾಗವೇ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಒಂದೇ ಸಂಖ್ಯೆಯ ವಸ್ತುಗಳಿರುವ ಎರಡು ಸಾಲು ಇಟ್ಟು, ಒಂದು ಸಾಲನ್ನು ಉದ್ದಕ್ಕೆ ಎಳೆದು, ಈಗಲೂ ಎರಡೂ ಸಮವೇ ಎಂದು ಕೇಳುತ್ತಿದ್ದರು. ಪುಟ್ಟ ಮಕ್ಕಳು ಉದ್ದದ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತಿದ್ದರು. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಗೊಂಬೆಯನ್ನು ತಂದರು. ಗೊಂಬೆ ಓಡಿಬಂದು ಸಾಲನ್ನು ಕೆಡಿಸಿತು. ಈಗ ಕೇಳಿದರೆ ಬಹಳ ಹೆಚ್ಚು ಮಕ್ಕಳು ‘ಎರಡೂ ಅಷ್ಟೇ’ ಎಂದರು. ದೊಡ್ಡವರು ತಾವೇ ಬೇಕೆಂದು ಸಾಲನ್ನು ಬದಲಾಯಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಅದು ಸಂಖ್ಯೆಯನ್ನಲ್ಲ, ನಮ್ಮ ಮುಖವನ್ನು ಓದುತ್ತಿರುತ್ತದೆ.

ಪ್ರಶ್ನೆ: ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಪಿಎಚ್.ಡಿ.ಯನ್ನು ರೋಗಗಳ ಗಣಿತ ಮಾದರಿಗಳ ಮೇಲೆ ಮಾಡುವ ಆಸೆ. ‘ಕಲಿತದ್ದೆಲ್ಲ ವ್ಯರ್ಥವಾಗುತ್ತದೆ’ ಎನ್ನುತ್ತಾರೆ ನನ್ನ ಗುರುಗಳು. ನೀವು ಆ ದಾರಿಯಲ್ಲಿ ನಡೆದವರು, ಏನು ಹೇಳುತ್ತೀರಿ?
– ಒಬ್ಬ ವಿದ್ಯಾರ್ಥಿ

ಉತ್ತರ: ನಿಮ್ಮ ಗುರುಗಳ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣವನ್ನು ಎಚ್‌ಐವಿಯ ಕತೆಯಿಂದ ಹೇಳುತ್ತೇನೆ.

ಸೋಂಕು ತಗುಲಿದ ಮೇಲೆ ವರ್ಷಗಟ್ಟಲೆ ರೋಗಿಯಲ್ಲಿ ದೊಡ್ಡ ಲಕ್ಷಣಗಳಿರುವುದಿಲ್ಲ. ರಕ್ತದಲ್ಲಿ ವೈರಸ್ಸಿನ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹಾಗಾಗಿ ಆ ವರ್ಷಗಳಲ್ಲಿ ವೈರಸ್ ಬಹುಮಟ್ಟಿಗೆ ಸುಮ್ಮನಿರುತ್ತದೆ ಎಂದು ಭಾವಿಸಲಾಗಿತ್ತು. ಆದರೆ ತೊಟ್ಟಿಯ ನೀರಿನ ಮಟ್ಟ ಕದಲದಿರಲು ಎರಡು ಕಾರಣಗಳಿರಬಹುದು. ನಲ್ಲಿಯೂ ತೂಬೂ ಎರಡೂ ಮುಚ್ಚಿರಬಹುದು, ಇಲ್ಲವೇ ಎರಡೂ ಪೂರ್ತಿ ತೆರೆದಿರಬಹುದು. ಮಟ್ಟವನ್ನು ಎಷ್ಟು ಸಲ ಅಳೆದರೂ ಇದು ತಿಳಿಯುವುದಿಲ್ಲ. ನಲ್ಲಿಯನ್ನು ತಟಕ್ಕನೆ ನಿಲ್ಲಿಸಿ, ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು.

1995ರ ಹೊತ್ತಿಗೆ ವೈರಸ್ಸಿನ ಉತ್ಪಾದನೆಯನ್ನು ತಡೆಯುವ ಹೊಸ ಔಷಧಗಳು ಬಂದಿದ್ದವು. ಅಂದರೆ ನಲ್ಲಿ ನಿಲ್ಲಿಸುವ ಕೈ ಸಿಕ್ಕಿತು. ವೈದ್ಯ ಡೇವಿಡ್ ಹೋ ಅವರ ತಂಡದೊಂದಿಗೆ ಲಾಸ್ ಅಲಮೋಸ್ ಪ್ರಯೋಗಾಲಯದ ಸೈದ್ಧಾಂತಿಕ ವಿಭಾಗದ ಅಲನ್ ಪೆರೆಲ್ಸನ್ ಸೇರಿಕೊಂಡರು. ರೋಗಿಗಳ ರಕ್ತವನ್ನು ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ಇಳಿಯುವ ಗೆರೆಗೆ ಸರಳ ಸಮೀಕರಣಗಳನ್ನು ಹೊಂದಿಸಿದರು. 1996ರ ಅವರ ಪ್ರಬಂಧದ ಪ್ರಕಾರ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು 1,000 ಕೋಟಿ ವೈರಸ್ ಕಣಗಳು ಹುಟ್ಟಿ, ಅಷ್ಟೇ ಸಾಯುತ್ತಿದ್ದವು. ರಕ್ತದಲ್ಲಿನ ಕಣಗಳ ಅರ್ಧಾಯುಷ್ಯ, ಅಂದರೆ ಅವುಗಳಲ್ಲಿ ಅರ್ಧದಷ್ಟು ಇಲ್ಲವಾಗಲು ಹಿಡಿಯುವ ಸಮಯ, ಆರು ಗಂಟೆಯ ಆಸುಪಾಸು. ಸುಮ್ಮನಿದೆ ಎಂದುಕೊಂಡದ್ದು ಬಿಡುವಿಲ್ಲದ ಯುದ್ಧವಾಗಿತ್ತು. ಅಷ್ಟು ಬೇಗ ಹುಟ್ಟುವ ವೈರಸ್ ಅಷ್ಟೇ ಬೇಗ ರೂಪವನ್ನೂ ಬದಲಾಯಿಸುತ್ತದೆ. ಆದ್ದರಿಂದ ಒಂದೇ ಔಷಧ ಕೊಟ್ಟರೆ ಅದನ್ನು ಮೀರುವ ರೂಪ ಬೇಗನೆ ಬರುತ್ತದೆ, ಮೂರನ್ನು ಒಟ್ಟಿಗೆ ಮೀರುವುದು ಕಷ್ಟ. ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆಗೆ ಈ ಲೆಕ್ಕ ಗಟ್ಟಿ ಆಧಾರವಾಯಿತು. ಕಾಗದದ ಮೇಲಿನ ಕೆಲವು ಸಾಲುಗಳು ಬದುಕುಗಳನ್ನು ಉಳಿಸಿದವು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ದಾರಿ ಹೊಸದೂ ಅಲ್ಲ. ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಂಡ ರೊನಾಲ್ಡ್ ರಾಸ್, ಆಮೇಲೆ ಗಣಿತಕ್ಕೆ ಕೈಹಾಕಿದರು. ಕಡೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನಾಗಿ ನಂದುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಸೋಂಕು ಹೇಗೆ ಏರಿ ಇಳಿಯುತ್ತದೆ ಎಂದು ತಿಳಿಯಲು 1927ರಲ್ಲಿ ಕೆರ್ಮಾಕ್ ಮತ್ತು ಮೆಕ್‌ಕೆಂಡ್ರಿಕ್ ಬರೆದ ಸಮೀಕರಣಗಳನ್ನು ಇಂದಿಗೂ ಸಾಂಕ್ರಾಮಿಕ ಬಂದಾಗಲೆಲ್ಲ ಹೊರತೆಗೆಯುತ್ತೇವೆ. ಅವರು ತಮ್ಮ ಗೆರೆಯನ್ನು ಹೋಲಿಸಿ ನೋಡಿದ್ದು 1905–06ರಲ್ಲಿ ಮುಂಬಯಿಯಲ್ಲಿ ಪ್ಲೇಗಿನಿಂದ ಸತ್ತವರ ಅಂಕಿಗಳೊಂದಿಗೆ. ಕೆರ್ಮಾಕ್ ಅದಕ್ಕೆ ಮೂರು ವರ್ಷ ಮೊದಲೇ ಪ್ರಯೋಗಾಲಯದ ಅವಘಡದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು.

ಹೋಗಿ, ಆದರೆ ಒಂದು ಎಚ್ಚರಿಕೆಯನ್ನು ಜೊತೆಗೆ ಒಯ್ಯಿರಿ. ಸೋಂಕಿನ ಕೆಲಸಕ್ಕೆ ಬಂದ ಹೊಸದರಲ್ಲಿ ಪ್ರತಿದಿನದ ಹೊಸ ರೋಗಿಗಳ ಅಂಕಿಗಳಲ್ಲಿ ಏಳು ದಿನಕ್ಕೊಮ್ಮೆ ಏರಿ ಇಳಿಯುವ ಚೆಂದದ ಅಲೆಯೊಂದನ್ನು ಕಂಡೆ. ಅಲೆ ಕಂಡರೆ ಭೌತವಿಜ್ಞಾನಿಯ ಕಣ್ಣು ಅರಳುತ್ತದೆ. ಮೂರು ವಾರ ಕುಳಿತು, ದೇಹದ ಪ್ರತಿರೋಧ ಮತ್ತು ಸೋಂಕಿನ ನಡುವಿನ ಏಳು ದಿನಗಳ ಹಗ್ಗಜಗ್ಗಾಟವೆಂದು ಸಿದ್ಧಾಂತ ಕಟ್ಟಿದೆ. ಅಂಕಿಗಳನ್ನು ದಾಖಲಿಸುತ್ತಿದ್ದ ದಾದಿಯೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಒಂದೇ ಮಾತು ಹೇಳಿದರು: ‘ಭಾನುವಾರ ಬರೆಯುವವರು ಇರುವುದಿಲ್ಲ ಮೇಡಂ, ಅದನ್ನೂ ಸೋಮವಾರವೇ ಬರೆಯುತ್ತೇವೆ.’ ಅಂದಿನಿಂದ ಯಾವ ಅಂಕಿಯನ್ನು ಮುಟ್ಟಿದರೂ, ಅದನ್ನು ಬರೆದವರ ಪಕ್ಕ ಒಂದು ದಿನ ಕುಳಿತುಕೊಳ್ಳದೆ ನಾನು ಸಮೀಕರಣ ಬರೆದಿಲ್ಲ. ನಿಮ್ಮ ಪಿಎಚ್.ಡಿ.ಯ ಮೊದಲ ತಿಂಗಳನ್ನು ಹೀಗೆಯೇ ಕಳೆಯಿರಿ.

ಪ್ರಶ್ನೆ: ನ್ಯೂಟ್ರಿನೊ ಎಂಬ ಕಣ ಬೆಳಕಿಗಿಂತ ವೇಗವಾಗಿ ಓಡುತ್ತದೆ ಎಂದು ಒಮ್ಮೆ ಸುದ್ದಿಯಾಯಿತು, ಮುಂದಿನ ವರ್ಷ ಅದು ಸುಳ್ಳು ಎಂದರು. ಇಷ್ಟು ದೊಡ್ಡ ವಿಜ್ಞಾನಿಗಳೇ ಹೀಗೆ ಮಾತು ಬದಲಿಸಿದರೆ ಸಾಮಾನ್ಯರು ನಂಬುವುದು ಹೇಗೆ?
– ಒಬ್ಬ ನಿವೃತ್ತ ನೌಕರ

ಉತ್ತರ: ಸರ್, ನಾನು ಅವರನ್ನು ಹೆಚ್ಚು ನಂಬುವುದು ಆ ಘಟನೆಯ ಕಾರಣಕ್ಕೇ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದ ತಂಡ ಹೇಳಿದ್ದು ಇಷ್ಟು: ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರನ್ನು ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು (ಒಂದು ನ್ಯಾನೊಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಮೊದಲು ತಲುಪಿದಂತೆ ಕಾಣುತ್ತಿದೆ, ತಿಂಗಳುಗಟ್ಟಲೆ ಹುಡುಕಿದರೂ ನಮಗೆ ತಪ್ಪು ಸಿಗಲಿಲ್ಲ, ನೀವೂ ಹುಡುಕಿ. ಕೊನೆಗೆ ಸಿಕ್ಕ ಮುಖ್ಯ ಕಾರಣ ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್ಲಿನ ಜೋಡಣೆ. ಬೆಳಕಿಗಿಂತ ವೇಗವಾಗಿ ಏನೂ ಓಡಲಾರದು ಎನ್ನುವ ಐನ್‌ಸ್ಟೈನರ ಸಿದ್ಧಾಂತ ಬಿದ್ದಿತು ಎಂದು ಕೂಗಿದವರು ಬೇರೆಯವರು. ಅಳತೆ ಮಾಡಿದವರು ತಮ್ಮ ಅಂಕಿಯನ್ನು ಬಚ್ಚಿಡಲಿಲ್ಲ, ಅದಕ್ಕೆ ಅಂಟಿಕೊಳ್ಳಲೂ ಇಲ್ಲ. ಮಾತು ಬದಲಿಸುವುದಕ್ಕೂ ತಪ್ಪನ್ನು ಹುಡುಕಿ ಒಪ್ಪುವುದಕ್ಕೂ ವ್ಯತ್ಯಾಸವಿದೆ.

ಪ್ರಶ್ನೆ: ನನ್ನ ಮಗ ನೋಡಿ ಕಲಿಯುವ ಬಗೆಯವನು ಎಂದು ಒಂದು ತರಬೇತಿಯಲ್ಲಿ ಹೇಳಿದರು. ಎಲ್ಲ ಪಾಠಗಳನ್ನೂ ಚಿತ್ರಗಳಲ್ಲೇ ಹೇಳಿಕೊಡಬೇಕೆ?
– ಒಬ್ಬ ತಂದೆ

ಉತ್ತರ: ಬೇಡ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ, ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಎಲ್ಲ ಅಧ್ಯಯನಗಳನ್ನು ಜಾಲಾಡಿ ಹೇಳಿದ್ದಾರೆ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ಅದರ ಬದಲು ಪುಸ್ತಕ ಮುಚ್ಚಿಸಿ, ಓದಿದ್ದನ್ನು ನೆನಪಿನಿಂದ ಬರೆಯಿಸಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಎರಡು ಸಲ ಓದಿದವರೇ ಮುಂದಿದ್ದರು: ಅವರಿಗೆ 81 ಶೇಕಡಾ ನೆನಪಿತ್ತು, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರಿಗೆ 75. ಒಂದು ವಾರದ ನಂತರ ಎರಡು ಸಲ ಓದಿದವರಿಗೆ 42, ಬರೆದವರಿಗೆ 56. ಮತ್ತೆ ಮತ್ತೆ ಓದುವಾಗ ಎಲ್ಲ ಬಂದಂತೆ ಅನ್ನಿಸುವ ಆ ಹಿತವಾದ ಭಾವನೆ ಮೋಸ ಮಾಡುತ್ತದೆ.

ಪ್ರಶ್ನೆ: ನನಗೆ ಹನ್ನೆರಡು ವರ್ಷ. ಯಾರೂ ನೋಡದ ಕಣವನ್ನು ಕಾಗದದ ಮೇಲೆ ಕಂಡುಹಿಡಿದರು ಎಂದು ನಮ್ಮ ಟೀಚರ್ ಹೇಳಿದರು. ಅದು ಹೇಗೆ? ಅದು ನನ್ನ ಹತ್ತಿರ ಇದೆಯಾ?
– ಒಬ್ಬ ವಿದ್ಯಾರ್ಥಿ

ಉತ್ತರ: ಪುಟ್ಟ, ನಿನ್ನ ಟೀಚರ್ ಹೇಳಿದ್ದು ಮೇಲಿನ ಪತ್ರದಲ್ಲಿ ಬಂದ ಅದೇ ನ್ಯೂಟ್ರಿನೊ ಇರಬೇಕು. ಕೆಲವು ಪರಮಾಣುಗಳ ನಡುವಿನ ತಿರುಳು ಒಂದು ಎಲೆಕ್ಟ್ರಾನನ್ನು ಹೊರಗೆ ಚಿಮ್ಮಿಸುತ್ತದೆ. ಮೊದಲು ಇದ್ದ ಶಕ್ತಿ ಎಷ್ಟು, ಆಮೇಲೆ ಉಳಿದದ್ದೂ ಹೊರಬಂದದ್ದೂ ಸೇರಿ ಎಷ್ಟು ಎಂದು ಕೂಡಿಸಿ ನೋಡಿದರೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಯಾವಾಗಲೂ ಸ್ವಲ್ಪ ಕಡಿಮೆ. ಶಕ್ತಿ ಮಾಯವಾಗುತ್ತದೆ ಎಂದು ಒಪ್ಪಿಕೊಳ್ಳಲು ಕೆಲವರು ಸಿದ್ಧರಾಗಿದ್ದರು. 1930ರ ಡಿಸೆಂಬರಿನಲ್ಲಿ ವೊಲ್ಫ್‌ಗ್ಯಾಂಗ್ ಪೌಲಿ ಎಂಬ ಮೂವತ್ತು ವರ್ಷದ ವಿಜ್ಞಾನಿ ಗೆಳೆಯರಿಗೊಂದು ಪತ್ರ ಬರೆದರು. ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಕಣ ಆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬಹುದು ಎಂದು ಅದರಲ್ಲಿ ಸೂಚಿಸಿದರು. ಲೆಕ್ಕದಲ್ಲಿ ಕೊರತೆ ಬಿದ್ದಷ್ಟು ಜಾಗದಲ್ಲಿ ಆ ಕಣವಿತ್ತು, ನೋಡು. ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಪರಮಾಣು ರಿಯಾಕ್ಟರೊಂದರ ಬಳಿ ಉಪಕರಣ ಇಟ್ಟು ಅದನ್ನು ನಿಜವಾಗಿಯೂ ಹಿಡಿದದ್ದು 1956ರಲ್ಲಿ, ಇಪ್ಪತ್ತಾರು ವರ್ಷಗಳ ನಂತರ. ಪೌಲಿ ಆಗ ಬದುಕಿದ್ದರು, ಅವರಿಗೆ ತಂತಿ ಕಳುಹಿಸಿ ತಿಳಿಸಿದರು.

ಈಗ ನಿನ್ನ ಎರಡನೆಯ ಪ್ರಶ್ನೆ. ಕೈಯನ್ನು ಬಿಸಿಲಿಗೆ ಚಾಚಿ ಹೆಬ್ಬೆರಳಿನ ಉಗುರನ್ನು ನೋಡು. ಅಷ್ಟೇ ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,000 ಕೋಟಿ ನ್ಯೂಟ್ರಿನೊಗಳು ಸೂರ್ಯನಿಂದ ಬಂದು ನಿನ್ನನ್ನು ಮುಟ್ಟದೆ ಹಾದುಹೋಗುತ್ತಿವೆ. ರಾತ್ರಿ ನೀನು ಮಲಗಿರುವಾಗಲೂ ಹೋಗುತ್ತವೆ. ಆಗ ಅವು ಭೂಮಿಯನ್ನು ತೂರಿಕೊಂಡು, ಹಾಸಿಗೆಯ ಕೆಳಗಿನಿಂದ ಮೇಲಕ್ಕೆ ಬರುತ್ತವೆ.